ಲಿಂಗೈಕ್ಯ ಶ್ರೀ ಬಸಪ್ಪ ದಾನಪ್ಪ ಜತ್ತಿಯವರು

ಜಮಖಂಡಿಯಿಂದ ಉತ್ತರಾಭಿಮುಖವಾಗಿ ಕೃಷ್ಣೆಯನ್ನು ದಾಟಿ ನಡೆದರೆ ಸಾವಳಗಿಯೆಂಬ ಗ್ರಾಮವು ದೊರೆಯುತ್ತದೆ. ಆ ಗ್ರಾಮದಲ್ಲಿ ದಾನಪ್ಪನವರೆಂಬ ಲಿಂಗವಂತ ಬಣಜಿಗ ಗೃಹಸ್ಥರು ಕಿರಾಣಿ ಅಂಗಡಿಯ ಕಾಯಕದಿಂದ ಸಂಸಾರವನ್ನು ಸಾಗಿಸುತ್ತಿದ್ದರು. ಅವರ ಉದರದಲ್ಲಿ ೧೯೧೨ನೆಯ ಇಸವಿ ಸಪ್ಟಂಬರ ೧೦ನೆಯ ತಾರೀಖಿಗೆ ಜನಿಸಿದ ಬಸಪ್ಪನವರು ಮುಂದೆ ಸಂಸ್ಥಾನದ ದಿವಾಣರಾಗಿ, ರಾಜ್ಯದ ಮುಖ್ಯಮಂತ್ರಿಗಳಾಗಿ, ದೇಶದ ಉಪರಾಷ್ಟ್ರಪತಿಗಳಾಗಿ, ಕೆಲವು ತಿಂಗಳ ಕಾಲ ರಾಷ್ಟ್ರಪತಿಗಳ ಆಸನದಲ್ಲಿಯೂ ಕುಳಿತರು. ಅವರಿಗೆ ಜಹಗೀರಿಯಿರಲಿಲ್ಲ, ಇನಾಮು ಭೂಮಿಯ ಬಲವಿರಲಿಲ್ಲ. ಬಹುಮಟ್ಟಿಗೆ ಅನ್ಯರು ಕೊಟ್ಟ ಮತಗಳ ಬಲದಿಂದಲೇ ಅವರು ಏರಿದರು. ಅವೇ ಮತಗಳ ಎಣಿಕೆಯಲ್ಲಿ ಒಮ್ಮೆ ಇಳಿಯಲೂ ಬೇಕಾಯಿತು. ಆದುದರಿಂದ ಅವರ ಚರಿತ್ರೆಯನ್ನು ಹೇಳುವುದೆಂದರೆ ಈ ನಾಡಿನಲ್ಲಿ ಚುನಾವಣೆಯೆಂಬುದು ಹೇಗೆ ಹುಟ್ಟಿ ಹೇಗೆ ಬೆಳೆಯಿತೆಂಬುದನ್ನೂ ಹೇಳಿದಂತೆಯೇ ಸರಿ.

ಬಸಪ್ಪನವರ ಬಾಲ್ಯದ ಕಾಲಕ್ಕೆ ಈ ಸೀಮೆಯು ಒಂದು ಸರಕಾರದ ಕೆಳಗೆ ಇರಲಿಲ್ಲ. ಜಮಖಂಡಿಯು ಪಟವರ್ಧನರದು, ಮುಧೋಳವು ಘೋರ್ಪಡೆಯವರದು, ರಬಕವಿ ತೇರದಾಳಗಳು ಸಾಂಗಲಿ ಸಂಸ್ಥಾನಕ್ಕೆ ಸೇರಿದವು, ಬೀಳಗಿಯು ಇಂಗ್ಲಿಷರ ವಿಜಾಪುರ ಜಿಲ್ಲೆಯೊಳಗಿನದು. ಒಂದು ಹಗಲಿನ ಪಯಣದಲ್ಲಿ ಮದುವೆಯ ದಿಬ್ಬಣವು ಎರಡು ಮೂರು ರಾಜ್ಯಗಳನ್ನು ದಾಟಬಹುದಾಗಿದ್ದಿತು. ಹಳ್ಳಿಗರ ಮಾತು ಕನ್ನಡವಾದರೂ ಸಂಸ್ಥಾನಗಳ ಅರಸರು ಮರಾಠಿಯವರು. ಅರಸನ ಕಿವಿಗೆ ಮುಟ್ಟಿದ ಅಹವಾಲಿಗೆ ಮಾತ್ರ ಬೆಲೆ. ಪ್ರಜೆಯು ಮತವನ್ನು ಕೊಟ್ಟು ಆಳುವವರನ್ನು ಆರಿಸುವುದೆಂಬುದು ಸಾಮಾನ್ಯ ಒಕ್ಕಲಿಗನ ಕನಸಿನಲ್ಲಿಯೂ ಬಾರದ ಸಂಗತಿಯಾಗಿದ್ದಿತು. ಇಂಗ್ಲಿಷರ ಮುಲಕಿನಲ್ಲಾದರೂ ಕಂದಾಯ, ಆಸ್ತಿ, ವಿದ್ಯೆ ಇವುಗಳನ್ನು ನೋಡಿ ಕೆಲವರಿಗೆ ಮಾತ್ರ ಮತದ ಹಕ್ಕನ್ನು ಕೊಡುತ್ತಿದ್ದರು.

ಬಡತನದ ಅಡಚಣೆಗಳ ನಡುವೆ ಬಸಪ್ಪನವರ ವಿದ್ಯಾಭ್ಯಾಸವು ನಡೆಯಿತು. ಅಂದಿನ ರೂಢಿಯಂತೆ ಹತ್ತು ವರ್ಷದ ವಯಸ್ಸಿಗೇ ಸಂಗಮ್ಮನವರೊಡನೆ ವಿವಾಹವೂ ಆಗಿಹೋಯಿತು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪದವಿಯನ್ನು ಪಡೆದು, ಅಲ್ಲಿಯೇ ಸೈಕ್ಸ್ ಕಾನೂನು ಕಾಲೇಜಿನಲ್ಲಿ ವಕೀಲಿಯನ್ನು ಕಲಿತು, ಜಮಖಂಡಿಗೆ ಬಂದು ವಕೀಲಿ ಉದ್ಯೋಗವನ್ನು ಆರಂಭಿಸಿದರು. ೧೯೪೦ನೆಯ ಇಸವಿಯಲ್ಲಿ ಜಮಖಂಡಿಯ ಮುನಿಸಿಪಾಲಿಟಿಯ ಸದಸ್ಯರಾದರು. ೧೯೪೫ರಲ್ಲಿ ಅದರ ಅಧ್ಯಕ್ಷರಾದರು.

ಮುನಿಸಿಪಾಲಿಟಿಯ ಚುನಾವಣೆಯನ್ನು ಸಣ್ಣದೆಂದು ತಿಳಿಯಬಾರದು. ಅಲ್ಲಿ ಮತ ಕೇಳುವವನೂ ಮತ ಕೊಡುವವನೂ ಒಂದೇ ಓಣಿಯವರು. ಗಟಾರದ ಹೊಲಸು, ಬೀದಿಯ ದೀಪ, ಕುಡಿಯುವ ನೀರು, ಮನೆಪಟ್ಟಿ ಇವೇ ಅಲ್ಲಿನ ಸಿದ್ಧಾಂತಗಳು. ಇಂದು ಕೊಟ್ಟ ಮಾತನ್ನು ನಾಳೆ ನಡೆಸದೆ ಹೋದರೆ ನಾಡಿದ್ದು ಅಗಸೆಯ ಬಾಗಿಲಲ್ಲಿಯೇ ತಡೆದು ಕೇಳುವರು. ದೊಡ್ಡ ಸಭೆಗಳಿಗೆ ಆರಿಸಿಹೋದವರು ಮತದಾರನಿಂದ ಐದು ವರ್ಷ ಮರೆಯಾಗಿ ಇರಬಲ್ಲರು. ಪುರಸಭೆಯ ಸದಸ್ಯನಿಗೆ ಆ ಅನುಕೂಲವಿಲ್ಲ. ಜತ್ತಿಯವರ ರಾಜಕೀಯದ ಅಕ್ಷರಾಭ್ಯಾಸವು ಇಂಥ ಪಾಠಶಾಲೆಯಲ್ಲಿ ಆದುದು ಅವರ ಸುದೈವವೆಂದೇ ಎಣಿಸತಕ್ಕದ್ದು.

ಆ ಮೇಲೆ ಅವರು ಜಮಖಂಡಿ ಸಂಸ್ಥಾನದ ಶಾಸನಸಭೆಗೆ ಆರಿಸಿ ಬಂದರು, ಸಂಸ್ಥಾನದ ಮಂತ್ರಿಗಳಾದರು, ೧೯೪೮ರಲ್ಲಿ ದಿವಾಣಗಿರಿಯೂ ಅವರ ಪಾಲಿಗೆ ಬಂದಿತು. ಕಿರಾಣಿ ಅಂಗಡಿಯ ಮನೆಯ ಮಗನು ಸಂಸ್ಥಾನದ ದಿವಾಣನಾದುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಆದರೆ ಆ ಅಧಿಕಾರವು ಕೈಗೆ ಬಂದುದು ಅದನ್ನು ಬಿಟ್ಟುಕೊಡುವ ಸಲುವಾಗಿಯೇ ಎಂಬಂತಾಯಿತು. ಅರಸರಾದ ಶಂಕರರಾವ್ ಪಟವರ್ಧನರೊಡನೆ ದಿವಾಣರಾದ ಜತ್ತಿಯವರೂ ವಿಲೀನದ ಕರಾರಿಗೆ ಸಹಿ ಹಾಕಿದರು. ೧೯೪೮ನೆಯ ಮಾರ್ಚ ೮ನೆಯ ದಿನ ಜಮಖಂಡಿಯು ಮುಂಬಯಿ ರಾಜ್ಯದಲ್ಲಿ ಸೇರಿಹೋಯಿತು. ನಿನ್ನೆಯ ದಿವಾಣರು ಪುನಃ ವಕೀಲರಾಗಿ ಇಪ್ಪತ್ತು ತಿಂಗಳು ಕಕ್ಷಿದಾರರ ಕಾಗದಗಳನ್ನು ನೋಡುತ್ತ ಕುಳಿತರು. ಬಳಿಕ ವಿಲೀನವಾದ ಸೀಮೆಯ ಪರವಾಗಿ ಮುಂಬಯಿ ಶಾಸನಸಭೆಗೆ ಅವರನ್ನು ನಾಮಕರಣ ಮಾಡಲಾಯಿತು. ಒಂದು ವಾರದೊಳಗಾಗಿ ಮುಖ್ಯಮಂತ್ರಿ ಬಾಳಾಸಾಹೇಬ ಖೇರರ ಪಾರ್ಲಿಮೆಂಟರಿ ಕಾರ್ಯದರ್ಶಿಗಳೂ ಆದರು. ಇದು ಜನರ ಮತದಿಂದ ಬಂದ ಸ್ಥಾನವಲ್ಲ. ಆ ಪರೀಕ್ಷೆಯು ಇನ್ನೂ ಮುಂದೆ ಇದ್ದಿತು.

೧೯೫೧ನೆಯ ಇಸವಿಯ ಕೊನೆಗೆ ಮೊದಲಾಗಿ ೧೯೫೨ರ ಫೆಬ್ರುವರಿಯವರೆಗೆ ನಡೆದ ಮೊದಲನೆಯ ಮಹಾಚುನಾವಣೆಯಲ್ಲಿ ದೇಶದೊಳಗಿನ ಸುಮಾರು ೧೭ ಕೋಟಿ ೩೦ ಲಕ್ಷ ಜನರಿಗೆ ಮತದ ಹಕ್ಕು ದೊರೆತಿದ್ದಿತು. ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬನಿಗೂ, ಪ್ರತಿಯೊಬ್ಬಳಿಗೂ ಒಂದು ಮತ. ಗೌಡನಿಗೂ ಒಂದೇ, ಅವನ ಮನೆಯ ಜೀತದಾಳಿಗೂ ಒಂದೇ. ಓದು ಬಾರದವರೇ ಬಹು ಸಂಖ್ಯೆಯಲ್ಲಿದ್ದುದರಿಂದ ಉಮೇದುವಾರರಿಗೆ ಹೆಸರಿನೊಡನೆ ಚಿಹ್ನೆಯನ್ನೂ ಕೊಡಲಾಯಿತು. ಒಂದೇ ಕಾಗದದಲ್ಲಿ ಎಲ್ಲರ ಹೆಸರುಗಳಿರಲಿಲ್ಲ. ಪರದೆಯ ಮರೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೆ ಒಂದೊಂದು ಪೆಟ್ಟಿಗೆ; ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮತದಾರನು ಅಧಿಕಾರಿಯಿಂದ ಪಡೆದ ಚೀಟಿಯನ್ನು ತನಗೆ ಬೇಕಾದವನ ಪೆಟ್ಟಿಗೆಯಲ್ಲಿ ಹಾಕಿ ಬರುತ್ತಿದ್ದನು. ಉತ್ತರದ ಕೆಲವು ಪ್ರಾಂತಗಳಲ್ಲಿ ಹೆಂಗಸರು ತಮ್ಮ ಹೆಸರನ್ನು ಹೇಳಲೊಪ್ಪದೆ ಇಂಥವನ ಹೆಂಡತಿ, ಇಂಥವನ ಮಗಳು ಎಂದು ಮಾತ್ರ ಬರೆಯಿಸಿದ್ದರಿಂದ ಲಕ್ಷಾಂತರ ಹೆಸರುಗಳನ್ನು ಯಾದಿಯಿಂದ ತೆಗೆಯಬೇಕಾಯಿತು. ಗಂಡನ ಹೆಸರನ್ನು ಒಡಪಿನಲ್ಲಲ್ಲದೆ ಹೇಳದ ನಮ್ಮ ತಾಯಂದಿರು ತಮ್ಮ ಹೆಸರನ್ನಂತೂ ಹೇಳಿಕೊಳ್ಳಬಲ್ಲವರಾಗಿದ್ದರು.

ಕಾಂಗ್ರೆಸ್ಸಿನ ಚಿಹ್ನೆಯು ನೊಗ ಹೊತ್ತ ಜೋಡೆತ್ತುಗಳು. ಎತ್ತನ್ನು ಬಸವಣ್ಣನೆಂದೇ ಕರೆದು, ಕಾರಹುಣ್ಣಿಮೆಗೆ ಅದರ ಕೋಡಿಗೆ ಬಣ್ಣ ಹಚ್ಚಿ, ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಲ್ಲಿ ಮಾಡಿ ಪೂಜಿಸುವ ನಾಡಿನಲ್ಲಿ ಈ ಚಿಹ್ನೆಗೆ ಎದುರಾಗಿ ನಿಂತವರ ಕಷ್ಟವನ್ನು ವಿವರಿಸಬೇಕಾಗಿಲ್ಲ. ಎದುರಾಳಿಯು ಎಷ್ಟೇ ಯೋಗ್ಯನಾದರೂ ಬಸವಣ್ಣನ ಪೆಟ್ಟಿಗೆಯನ್ನು ಬಿಟ್ಟು ಇನ್ನೊಂದಕ್ಕೆ ಚೀಟಿ ಹಾಕಲು ಅನೇಕ ಮುಗ್ಧರ ಕೈ ಹಿಂಜರಿದಿರಬೇಕು. ಸ್ವಾತಂತ್ರ್ಯವನ್ನು ತಂದುಕೊಟ್ಟ ಪಕ್ಷವೆಂಬ ಕೃತಜ್ಞತೆ, ಗಾಂಧೀಜಿಯವರ ಹೆಸರು, ಜವಾಹರಲಾಲರ ತೇಜಸ್ಸು ಇವೂ ಜೊತೆಗೂಡಿದವು. ಜತ್ತಿಯವರು ಜಮಖಂಡಿಯಿಂದ ಆರಿಸಿ ಬಂದರು. ಅವರ ಗೆಲುವೆಲ್ಲವೂ ಅವರ ಗುಣದಿಂದಲೇ ಆಯಿತೆಂದರೆ ಅದು ಭಕ್ತಿಯ ಮಾತಾದೀತೇ ಹೊರತು ಚರಿತ್ರೆಯಾಗದು. ಆದರೆ ಅಲ್ಲಿಂದ ಮುಂದೆ ೧೯೫೭, ೧೯೬೨, ೧೯೬೭ ಈ ಮೂರು ಚುನಾವಣೆಗಳಲ್ಲಿಯೂ ಅದೇ ಜಮಖಂಡಿಯು ಅವರನ್ನೇ ಆರಿಸಿತು. ಒಂದು ಸಲ ಚಿಹ್ನೆಯು ಗೆಲ್ಲಿಸಬಹುದು. ನಾಲ್ಕು ಸಲ ಗೆಲ್ಲಬೇಕಾದರೆ ಮನುಷ್ಯನಲ್ಲಿಯೂ ಏನಾದರೂ ಇರಬೇಕು.

ಮುಂಬಯಿಯಲ್ಲಿ ಮುರಾರಜಿ ದೇಸಾಯಿಯವರ ಮಂತ್ರಿಮಂಡಲದೊಳಗೆ ಆರೋಗ್ಯ ಮತ್ತು ಕಾರ್ಮಿಕ ಖಾತೆಗಳ ಉಪಮಂತ್ರಿಗಳಾಗಿ ಅವರು ಕೆಲಸ ಮಾಡಿದರು. ೧೯೫೬ನೆಯ ನವಂಬರ ೧ರಂದು ಕನ್ನಡ ನಾಡು ಒಂದಾದಾಗ ವಿಜಾಪುರ ಜಿಲ್ಲೆಯೊಡನೆ ಅವರೂ ಮೈಸೂರು ರಾಜ್ಯಕ್ಕೆ ಬಂದರು. ಐದು ಸರಕಾರಗಳ ಕಾಯಿದೆಗಳ ಕೆಳಗೆ ಇದ್ದ ಪ್ರದೇಶಗಳು ಕೂಡಿದುದರಿಂದ ಗೇಣಿ ಒಕ್ಕಲುತನದ ನಿಯಮಗಳು ಐದು ಬಗೆಯಾಗಿದ್ದವು. ಅವುಗಳನ್ನು ಒಂದುಗೂಡಿಸುವ ಸಮಿತಿಯು ಜತ್ತಿಯವರ ಅಧ್ಯಕ್ಷತೆಯಲ್ಲಿ ನೇಮಕವಾಯಿತು. ಇದು ಮತದ ಲೆಕ್ಕದಲ್ಲಿ ಅಪಾಯದ ಕೆಲಸ. ಊರಿನಲ್ಲಿ ಮತಗಳನ್ನು ಕೂಡಿಸಿಕೊಡುವವರು ಭೂಮಿಯುಳ್ಳವರು. ಕಾಯಿದೆಯಿಂದ ರಕ್ಷಣೆ ಪಡೆಯಬೇಕಾದವರು ಗೇಣಿಗಾರರು. ಲಿಂಗವಂತರಲ್ಲಿ ಇಬ್ಬರೂ ಇದ್ದರು. ಆ ಸಮಿತಿಯ ವರದಿಯಿಂದ ಹುಟ್ಟಿದ ಭೂಸುಧಾರಣೆಯ ಮಸೂದೆಯು ೧೯೬೧ರಲ್ಲಿ ಶಾಸನಸಭೆಯಲ್ಲಿ ಅಂಗೀಕಾರವಾಗಿ, ೧೯೬೫ನೆಯ ಅಕ್ಟೋಬರ ೨ರಿಂದ ಜಾರಿಗೆ ಬಂದಿತು. ಅದರಲ್ಲಿ ಒಡೆಯರಿಗೆ ನುಸುಳಿಕೊಳ್ಳಲು ಕಿಂಡಿಗಳು ಉಳಿದಿದ್ದುವೆಂಬುದೂ, ಅವುಗಳನ್ನು ಮುಚ್ಚುವುದಕ್ಕೆ ೧೯೭೪ರ ತಿದ್ದುಪಡಿಯು ಬೇಕಾಯಿತೆಂಬುದೂ ನಿಜ. ಆದರೂ ಅಡಿಪಾಯದ ಮೊದಲ ಕಲ್ಲು ಜತ್ತಿಯವರ ಕಾಲದ್ದು.

೧೯೫೮ನೆಯ ಮೇ ತಿಂಗಳಲ್ಲಿ ನಿಜಲಿಂಗಪ್ಪನವರು ಮುಖ್ಯಮಂತ್ರಿ ಪದವನ್ನು ಬಿಟ್ಟಾಗ ಜತ್ತಿಯವರು ಮತ್ತೊಂದು ಬಗೆಯ ಚುನಾವಣೆಯನ್ನು ಎದುರಿಸಬೇಕಾಯಿತು. ಇದರಲ್ಲಿ ಮೆರವಣಿಗೆಯಿಲ್ಲ, ಧ್ವನಿವರ್ಧಕವಿಲ್ಲ, ಹಳ್ಳಿಯ ಚಾವಡಿಯಲ್ಲಿ ಕಂದೀಲಿನ ಬೆಳಕಿನ ಸಭೆಯಿಲ್ಲ. ಮತದಾರರೆಂದರೆ ಪಕ್ಷದ ಶಾಸಕರು ಮಾತ್ರ. ಒಬ್ಬೊಬ್ಬ ಮತದಾರನ ಹಿಂದೆ ಒಂದು ಜಿಲ್ಲೆ, ಒಂದು ಪಂಗಡ, ಒಂದು ಹಳೆಯ ಮುನಿಸು ಇರುತ್ತದೆ. ಸ್ವಾತಂತ್ರ್ಯ ಹೋರಾಟದ ಹಿರಿಯರಾದ ಟಿ. ಸುಬ್ರಹ್ಮಣ್ಯ ಅವರ ವಿರೋಧವಿದ್ದರೂ ಜತ್ತಿಯವರೇ ನಾಯಕರಾಗಿ ಆರಿಸಿ ಬಂದು, ಮೇ ೧೬ರಂದು ಮುಖ್ಯಮಂತ್ರಿಗಳಾದರು. ಹಳೆಯ ಮೈಸೂರಿನವರಿಗೆ ಮುಂಬಯಿ ಕಡೆಯಿಂದ ಬಂದ ಈ ಮೃದುಭಾಷಿ ಮುಖ್ಯಮಂತ್ರಿಯು ಅಷ್ಟಾಗಿ ಪರಿಚಿತರಲ್ಲ. ಆದರೂ ಸುಮಾರು ನಾಲ್ಕು ವರ್ಷ ಅವರು ರಾಜ್ಯಭಾರವನ್ನು ನಡೆಸಿದರು. ಅವರ ಅಧಿಕಾರದ ಕಾಲದಲ್ಲಿಯೇ ೧೯೫೯ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಬೋರ್ಡುಗಳ ಕಾಯಿದೆಯು ಬಂದು, ಹಳ್ಳಿಯ ಪಂಚಾಯತಿಗೂ ತಾಲೂಕಿನ ಬೋರ್ಡಿಗೂ ಜನರೇ ನೇರವಾಗಿ ಆರಿಸುವ ಪದ್ಧತಿಯು ರಾಜ್ಯಕ್ಕೆಲ್ಲ ಒಂದೇ ಆಯಿತು. ಮುನಿಸಿಪಾಲಿಟಿಯಲ್ಲಿ ಅಕ್ಷರ ಕಲಿತವರು ಆ ಪಾಠಶಾಲೆಯನ್ನು ಊರೂರಿಗೆ ತೆರೆದಂತಾಯಿತು.

೧೯೬೨ರ ಚುನಾವಣೆಯ ಕಥೆಯು ವಿಚಿತ್ರವಾದುದು. ಶಾಸನಸಭೆಯ ೨೦೮ ಸ್ಥಾನಗಳಲ್ಲಿ ೧೩೮ನ್ನು ಕಾಂಗ್ರೆಸ್ಸು ಗೆದ್ದಿತು. ಮುಖ್ಯಮಂತ್ರಿಗಳಾದ ಜತ್ತಿಯವರು ಜಮಖಂಡಿಯಲ್ಲಿ ಗೆದ್ದರು. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಹೊರಗಿನವರು ನೋಡಿದರೆ ಗೆದ್ದವರು ಉಳಿಯಬೇಕು, ಸೋತವರು ಹೋಗಬೇಕು. ಆದುದು ಬೇರೆ. ಶಾಸಕ ಪಕ್ಷದೊಳಗಿನ ಬಲವು ನಿಜಲಿಂಗಪ್ಪನವರ ಕಡೆಗೇ ಇದ್ದುದರಿಂದ ಜತ್ತಿಯವರು ಮಾರ್ಚಿಯಲ್ಲಿ ಸ್ಥಾನವನ್ನು ಬಿಟ್ಟರು, ಹುನಗುಂದದ ಎಸ್. ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಗಳಾದರು; ಬಾಗಲಕೋಟೆಯ ಸ್ಥಾನವು ತೆರವಾಗಿ, ಅಲ್ಲಿಂದ ನಿಜಲಿಂಗಪ್ಪನವರು ಶಾಸನಸಭೆಗೆ ಬಂದು ಜೂನದಲ್ಲಿ ಪುನಃ ಮುಖ್ಯಮಂತ್ರಿಗಳಾದರು. ಚುನಾವಣೆಯಲ್ಲಿ ಎರಡು ಎಣಿಕೆಗಳಿರುತ್ತವೆಂಬುದನ್ನು ಈ ಪ್ರಸಂಗವು ತೋರಿಸಿತು. ಪೆಟ್ಟಿಗೆಯೊಳಗಿನದು ಒಂದು, ಪಕ್ಷದ ಕೋಣೆಯೊಳಗಿನದು ಇನ್ನೊಂದು. ಮೊದಲನೆಯದರಲ್ಲಿ ಗೆದ್ದವನು ಎರಡನೆಯದರಲ್ಲಿ ಸೋಲಬಹುದು. ಜತ್ತಿಯವರು ಮುನಿದು ಪಕ್ಷವನ್ನು ಒಡೆಯಲಿಲ್ಲ. ಜುಲೈ ೨ರಂದು ಅದೇ ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ಹಣಕಾಸಿನ ಮಂತ್ರಿಗಳಾಗಿ ಕುಳಿತರು. ಮೊದಲು ತಾವು ಕುಳಿತ ಗಾದಿಯ ಪಕ್ಕದ ಚಿಕ್ಕ ಗಾದಿಯಲ್ಲಿ ಕುಳಿತುಕೊಳ್ಳುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ. ಇದನ್ನು ದೌರ್ಬಲ್ಯವೆಂದವರೂ ಆಗ ಇದ್ದರು. ದಿವಾಣಗಿರಿಯನ್ನು ಬಿಟ್ಟು ಕೋರ್ಟಿನ ಮೆಟ್ಟಿಲನ್ನು ಮತ್ತೆ ಏರಿದವರಿಗೆ ಅದು ಅಷ್ಟು ಹೊಸದಾಗಿರಲಿಕ್ಕಿಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳುವುದು ಉಚಿತ. ನಿಜಲಿಂಗಪ್ಪನವರೂ, ಜತ್ತಿಯವರೂ, ಕಂಠಿಯವರೂ ಲಿಂಗವಂತರೇ. ಕನ್ನಡ ನಾಡು ಒಂದಾದ ಮೇಲೆ ಲಿಂಗವಂತರ ಸಂಖ್ಯಾಬಲವು ರಾಜಕೀಯದಲ್ಲಿ ಎದ್ದು ಕಂಡಿತು. ಏಕೀಕರಣಕ್ಕೆ ಹಳೆಯ ಮೈಸೂರಿನಲ್ಲಿ ಕೆಲವರು ಹಿಂದೆಗೆದುದಕ್ಕೆ ಇದೂ ಒಂದು ಕಾರಣ. ಜಾತಿಯ ಎಣಿಕೆಯಿಲ್ಲದೆ ಚುನಾವಣೆಯು ನಡೆಯುತ್ತದೆಂದು ಹೇಳುವವರು ಹಳ್ಳಿಯನ್ನು ನೋಡಿಲ್ಲ. ನಮ್ಮ ಭಾಷೆಯಲ್ಲಿ ಮತವೆಂದರೆ ಅಭಿಪ್ರಾಯವೂ ಹೌದು, ಧರ್ಮಪಂಥವೂ ಹೌದು. ಎರಡನ್ನೂ ಒಂದಾಗಿ ತಿಳಿಯುವ ತಪ್ಪು ಸುಲಭವಾಗಿ ಆಗುತ್ತದೆ. ಚುನಾವಣೆ ಹತ್ತಿರವಾದಾಗ ಉಮೇದುವಾರರು ಮಠಗಳಿಗೆ ಬಂದು ಪಾದಕ್ಕೆ ಎರಗುವುದು ಎಲ್ಲರೂ ಕಂಡ ಸಂಗತಿ. ಬಂದವರೆಲ್ಲರಿಗೂ ವಿಭೂತಿಯೂ ಪ್ರಸಾದವೂ ದೊರೆಯತಕ್ಕವು. ಒಬ್ಬನಿಗೆ ಮಾತ್ರ ಮತಗಳನ್ನು ಕೊಡಿಸುವ ಹೊಣೆಯು ಜಂಗಮಪೀಠದ್ದಲ್ಲ. ಜತ್ತಿಯವರು ೧೯೬೪ರಲ್ಲಿ ಬೆಂಗಳೂರಿನಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದಾಗ ಅವರು ರಾಜಕೀಯದಲ್ಲಿ ಪೂರ್ಣವಾಗಿ ಇದ್ದವರೇ. ಬಸವಾದಿ ಶರಣರ ವಚನಗಳನ್ನು ಅನ್ಯ ಭಾಷಿಕರಿಗೂ ಮುಟ್ಟಿಸುವುದು, ಗ್ರಂಥಗಳನ್ನೂ ಪತ್ರಿಕೆಯನ್ನೂ ಪ್ರಕಟಿಸುವುದು ಆ ಸಂಸ್ಥೆಯ ಕಾರ್ಯವಾಯಿತು. ಇಂಗ್ಲಿಷಿನಲ್ಲಿ ವಚನವನ್ನು ಓದುವ ದೂರದ ವಿದ್ವಾಂಸನಿಗೆ ಜಮಖಂಡಿಯಲ್ಲಿ ಮತವಿರುವುದಿಲ್ಲ. ಎರಡು ಕೆಲಸಗಳನ್ನೂ ಒಬ್ಬರೇ ಮಾಡಿದರೂ ಒಂದನ್ನು ಇನ್ನೊಂದಕ್ಕೆ ಏಣಿಯಾಗಿ ಮಾಡಿಕೊಳ್ಳದಿರುವುದು ಸಾಧ್ಯವೆಂಬುದಕ್ಕೆ ಬಸವ ಸಮಿತಿಯು ನಿದರ್ಶನವಾಗಿ ನಿಂತಿದೆ.

೧೯೬೭ರ ಚುನಾವಣೆಯ ಬಳಿಕ ಆಹಾರ ಖಾತೆಯ ಮಂತ್ರಿಗಳಾಗಿ, ೧೯೬೮ರಲ್ಲಿ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರರಾಗಿ, ೧೯೭೨ರಲ್ಲಿ ಒರಿಸ್ಸಾದ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. ೧೯೭೪ರ ಆಗಸ್ಟದಲ್ಲಿ ಉಪರಾಷ್ಟ್ರಪತಿಯ ಚುನಾವಣೆಗೆ ನಿಂತರು. ಈ ಚುನಾವಣೆಯಲ್ಲಿ ಪಾರ್ಲಿಮೆಂಟಿನ ಎರಡೂ ಸಭೆಗಳ ಸದಸ್ಯರೇ ಮತದಾರರು; ಗುಪ್ತ ಮತದಾನ. ಎದುರಾಳಿ ನಿರಾಲ್ ಎನೆಮ್ ಹೋರೊ ಅವರಿಗೆ ೧೪೧ ಮತಗಳು ಬಂದವು, ಜತ್ತಿಯವರಿಗೆ ೫೨೧. ಮುಂದಿನ ವರ್ಷವೇ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. ಆ ಇಪ್ಪತ್ತೊಂದು ತಿಂಗಳು ರಾಜ್ಯಸಭೆಯ ಅಧ್ಯಕ್ಷರ ಪೀಠದಲ್ಲಿ ಇದ್ದವರು ಇವರೇ. ಅನೇಕ ಸದಸ್ಯರು ಸೆರೆಮನೆಯಲ್ಲಿದ್ದ ಆ ಕಾಲವು ಯಾವ ಸಭಾಧ್ಯಕ್ಷರಿಗೂ ಕೀರ್ತಿಯನ್ನು ತಂದ ಕಾಲವಲ್ಲ.

೧೯೭೭ನೆಯ ಫೆಬ್ರುವರಿ ೧೧ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡರು. ಲೋಕಸಭೆಯ ಚುನಾವಣೆಯು ಸಾರಲ್ಪಟ್ಟು ದೇಶವೆಲ್ಲ ಪ್ರಚಾರದಲ್ಲಿ ಮುಳುಗಿದ್ದ ಸಮಯವದು. ಜತ್ತಿಯವರು ರಾಷ್ಟ್ರಪತಿಯ ಹೊಣೆಯನ್ನು ಹೊತ್ತರು. ಮಾರ್ಚಿಯಲ್ಲಿ ಮತಗಳ ಎಣಿಕೆಯಾದಾಗ ಉತ್ತರ ಪ್ರದೇಶ, ಬಿಹಾರಗಳಲ್ಲಿ ಕಾಂಗ್ರೆಸ್ಸಿಗೆ ಒಂದು ಸ್ಥಾನವೂ ಬರಲಿಲ್ಲ. ಪ್ರಧಾನಿ ಇಂದಿರಾ ಗಾಂಧಿಯವರೇ ರಾಯಬರೇಲಿಯಲ್ಲಿ ಸೋತರು. ಕರ್ನಾಟಕವು ಮಾತ್ರ ತನ್ನ ೨೮ ಸ್ಥಾನಗಳಲ್ಲಿ ೨೬ನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಮಾರ್ಚ ೨೧ರಂದು ತುರ್ತು ಪರಿಸ್ಥಿತಿಯನ್ನು ಹಿಂದೆಗೆಯುವ ಘೋಷಣೆಗೆ ಜತ್ತಿಯವರ ಅಂಕಿತವಾಯಿತು. ಮೂರು ದಿನಗಳ ಮೇಲೆ ಅವರು ಹೊಸ ಪ್ರಧಾನಿಗೆ ಪ್ರಮಾಣವಚನವನ್ನು ಬೋಧಿಸಿದರು. ಆ ಪ್ರಧಾನಿಯು ಮುರಾರಜಿ ದೇಸಾಯಿಯವರು. ಮುಂಬಯಿಯಲ್ಲಿ ಯಾರ ಕೈಕೆಳಗೆ ಜತ್ತಿಯವರು ಉಪಮಂತ್ರಿಗಳಾಗಿದ್ದರೋ ಅವರೇ.

ಬಳಿಕ ಬಂದಿತು ಅವರ ಬಾಳಿನ ಕಠಿಣ ದಿನ. ಕಾಂಗ್ರೆಸ್ಸು ಆಳುತ್ತಿದ್ದ ಒಂಬತ್ತು ರಾಜ್ಯಗಳ ಜನರು ಲೋಕಸಭೆಯ ಚುನಾವಣೆಯಲ್ಲಿ ಆ ಪಕ್ಷವನ್ನು ತಿರಸ್ಕರಿಸಿದ್ದರಿಂದ ಅಲ್ಲಿಯ ಶಾಸನಸಭೆಗಳನ್ನು ವಿಸರ್ಜಿಸಿ ಹೊಸ ಚುನಾವಣೆಯನ್ನು ನಡೆಸಬೇಕೆಂದು ಜನತಾ ಸರಕಾರವು ನಿಶ್ಚಯಿಸಿತು. ಅವುಗಳಲ್ಲಿ ಏಳು ಸಭೆಗಳು ೧೯೭೨ರಲ್ಲಿ ಆರಿಸಲ್ಪಟ್ಟವು; ಐದು ವರ್ಷವು ಮುಗಿದಿದ್ದರೂ ತುರ್ತು ಕಾಲದ ತಿದ್ದುಪಡಿಯಿಂದ ಒಂದು ವರ್ಷದ ಆಯುಷ್ಯವನ್ನು ಹೆಚ್ಚಿಸಿಕೊಂಡಿದ್ದವು. ಉತ್ತರ ಪ್ರದೇಶ, ಒರಿಸ್ಸಾಗಳ ಸಭೆಗಳು ೧೯೭೪ರವು. ಅವುಗಳ ಅವಧಿಯು ಇನ್ನೂ ಉಳಿದಿದ್ದಿತು. ಕೆಲವು ರಾಜ್ಯಗಳು ಸುಪ್ರೀಮ್ ಕೋರ್ಟಿಗೆ ಹೋದವು. ಏಪ್ರಿಲ ೨೯ರಂದು ಏಳು ನ್ಯಾಯಮೂರ್ತಿಗಳೂ ಏಕಾಭಿಪ್ರಾಯದಿಂದ ರಾಜ್ಯಗಳ ಫಿರ್ಯಾದಿಯನ್ನು ತಳ್ಳಿಹಾಕಿದರು. ಮಂತ್ರಿಮಂಡಲದ ಕಾಗದವು ಜತ್ತಿಯವರ ಮೇಜಿಗೆ ಬಂದಿತು. ಅವರು ಒಡನೆಯೇ ಸಹಿ ಮಾಡಲಿಲ್ಲ.

ಆ ರಾತ್ರಿ ದಿಲ್ಲಿಯಲ್ಲಿ ಕೋಲಾಹಲವಾಯಿತು. ಹಳೆಯ ಪಕ್ಷದ ಋಣವನ್ನು ತೀರಿಸುತ್ತಿದ್ದಾರೆಂದು ಅನೇಕರು ನಿಂದಿಸಿದರು. ಮಂತ್ರಿಮಂಡಲದ ಸಲಹೆಯಂತೆ ನಡೆಯಲೇಬೇಕೆಂದು ೧೯೭೬ರ ತಿದ್ದುಪಡಿಯು ರಾಷ್ಟ್ರಪತಿಯನ್ನು ಕಟ್ಟಿಹಾಕಿದ್ದಿತು. ಸರಕಾರವು ಒತ್ತಿ ಹೇಳಿತು. ಮರುದಿನ, ಏಪ್ರಿಲ ೩೦ರಂದು, ಜತ್ತಿಯವರು ಸಹಿ ಮಾಡಿದರು. ತಡವಾದುದು ಒಂದು ದಿನ.

ಕಾಯಿದೆಯ ದೃಷ್ಟಿಯಿಂದ ಅವರಿಗೆ ತಡೆಯುವ ಅಧಿಕಾರವಿರಲಿಲ್ಲವೆಂಬುದನ್ನು ಒಪ್ಪಲೇಬೇಕು. ಪಕ್ಷದ ಅಭಿಮಾನವು ಎಳ್ಳಷ್ಟೂ ಇರಲಿಲ್ಲವೆಂದು ಆಣೆಯಿಡುವುದೂ ಸಾಧ್ಯವಲ್ಲ. ಆ ಪಕ್ಷದ ಮತಗಳೇ ಅವರನ್ನು ಆ ಆಸನಕ್ಕೆ ತಂದಿದ್ದವು. ಆದರೆ ಪ್ರಶ್ನೆಯು ಅವರೊಬ್ಬರದಾಗಿರಲಿಲ್ಲ. ಒಂದು ಸಭೆಗೆ ಕೊಟ್ಟ ಮತವನ್ನು ಇನ್ನೊಂದು ಸಭೆಗೆ ಕೊಟ್ಟ ಮತದಿಂದ ಅಳಿಸಬಹುದೇ? ದಿಲ್ಲಿಗೆ ಇಂಥವನು ಬೇಡವೆಂದ ಒಕ್ಕಲಿಗನು ತನ್ನ ರಾಜ್ಯಕ್ಕೂ ಬೇಡವೆಂದನೆಂದು ತಿಳಿಯಬಹುದೇ? ಓಣಿಯ ಮತದಿಂದ ಹಿಡಿದು ಪಾರ್ಲಿಮೆಂಟಿನ ಮತದವರೆಗೆ ಬೇರೆ ಬೇರೆ ಮತದಾರರ ಮುಂದೆ ನಿಂತವರಿಗೆ, ಒಂದೊಂದು ಚುನಾವಣೆಯಲ್ಲಿಯೂ ಕೇಳಿದ ಪ್ರಶ್ನೆಯೇ ಬೇರೆ, ಕೊಟ್ಟ ಉತ್ತರವೇ ಬೇರೆ ಎಂಬುದು ಅನುಭವದಿಂದ ತಿಳಿದಿದ್ದಿರಬೇಕು.

ಜೂನದಲ್ಲಿ ಆ ರಾಜ್ಯಗಳ ಚುನಾವಣೆಗಳು ನಡೆದು ಕಾಂಗ್ರೆಸ್ಸು ಎಲ್ಲೆಡೆಯೂ ಸೋತಿತು. ಜತ್ತಿಯವರ ಸಂಶಯವು ಆಗ ವ್ಯರ್ಥವಾಗಿ ಕಂಡಿತು. ಆದರೆ ಜನತಾ ಸರಕಾರವೇ ೧೯೭೮ರ ನಾಲ್ವತ್ತನಾಲ್ಕನೆಯ ತಿದ್ದುಪಡಿಯಲ್ಲಿ, ಮಂತ್ರಿಮಂಡಲದ ಸಲಹೆಯನ್ನು ಒಂದು ಸಲ ಪುನರ್ವಿಚಾರಕ್ಕಾಗಿ ಹಿಂದಿರುಗಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಟ್ಟಿತು. ಒಂದು ವರ್ಷ ಮೊದಲು ಇದ್ದಿದ್ದರೆ ಜತ್ತಿಯವರು ನಿಂದೆಗೆ ಪಾತ್ರರಾಗದೆ ಅದನ್ನೇ ಮಾಡಬಹುದಾಗಿದ್ದಿತು. ೧೯೮೦ರಲ್ಲಿ ಇಂದಿರಾ ಗಾಂಧಿಯವರು ಮರಳಿ ಗೆದ್ದಾಗ ೧೯೭೭ರ ಮೇಲ್ಪಂಕ್ತಿಯನ್ನೇ ಹಿಡಿದು ಎದುರು ಪಕ್ಷಗಳ ಒಂಬತ್ತು ಶಾಸನಸಭೆಗಳನ್ನು ವಿಸರ್ಜಿಸಿದರು. ಕೊನೆಗೆ ೧೯೯೪ರ ಮಾರ್ಚ ೧೧ರಂದು, ಧಾರವಾಡ ಸೀಮೆಯ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ, ಲೋಕಸಭೆಯ ಚುನಾವಣೆಯಲ್ಲಿ ಸೋತ ಮಾತ್ರಕ್ಕೆ ರಾಜ್ಯದ ಸರಕಾರವನ್ನು ತೆಗೆಯಲಾಗದೆಂದೂ, ಪಾರ್ಲಿಮೆಂಟು ಒಪ್ಪುವ ಮೊದಲು ಶಾಸನಸಭೆಯನ್ನು ವಿಸರ್ಜಿಸಲಾಗದೆಂದೂ ಸುಪ್ರೀಮ್ ಕೋರ್ಟು ತೀರ್ಮಾನಿಸಿತು. ಆ ತೀರ್ಪು ಬಂದಾಗ ಜತ್ತಿಯವರು ಬೆಂಗಳೂರಿನಲ್ಲಿ ಎಂಬತ್ತೊಂದು ವರ್ಷದ ವೃದ್ಧರಾಗಿ ಇದ್ದರು.

೧೯೭೭ರ ಜುಲೈ ೨೫ರಂದು ಅವಿರೋಧವಾಗಿ ಆರಿಸಿಬಂದ ನೀಲಂ ಸಂಜೀವ ರೆಡ್ಡಿಯವರಿಗೆ ರಾಷ್ಟ್ರಪತಿಯ ಆಸನವನ್ನು ಬಿಟ್ಟುಕೊಟ್ಟು ಜತ್ತಿಯವರು ಉಪರಾಷ್ಟ್ರಪತಿಯ ಸ್ಥಾನಕ್ಕೆ ಮರಳಿದರು. ೧೯೭೯ರ ಆಗಸ್ಟದಲ್ಲಿ ಅದರ ಅವಧಿಯೂ ತೀರಿತು. ಮುಂದಿನ ವರ್ಷಗಳಲ್ಲಿ ಬಸವ ಸಮಿತಿಯ ಕಾರ್ಯವೇ ಅವರ ಕಾಯಕವಾಯಿತು. ೨೦೦೨ನೆಯ ಜೂನ ೭ರಂದು, ತೊಂಬತ್ತನೆಯ ವರ್ಷವು ನಡೆಯುತ್ತಿರುವಾಗ, ಬೆಂಗಳೂರಿನಲ್ಲಿ ಲಿಂಗೈಕ್ಯರಾದರು. ಅಷ್ಟು ಹೊತ್ತಿಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ, ಬನಹಟ್ಟಿಗಳು ವಿಜಾಪುರದಿಂದ ಬೇರೆಯಾಗಿ ೧೯೯೭ರಲ್ಲಿ ಹುಟ್ಟಿದ ಬಾಗಲಕೋಟೆ ಜಿಲ್ಲೆಯೊಳಗೆ ಸೇರಿದ್ದವು. ಚಿಹ್ನೆಯ ಪೆಟ್ಟಿಗೆಗಳೂ ಜೋಡೆತ್ತುಗಳೂ ಹೋಗಿ, ಹದಿನೆಂಟು ವರ್ಷದ ಹುಡುಗ ಹುಡುಗಿಯರು ಮತದಾರರ ಸಾಲಿನಲ್ಲಿ ಬಂದು ನಿಂತಿದ್ದರು.